ಕಿಸೆಯೊಳಗಿನ ಗಣಕ, ಕಿವಿಯೊಳಗಿನ ಪರದೆ

ಗಣಕಯಂತ್ರವೆಂದೊಡನೆ ಮನಸ್ಸಿಗೆ ಬರುವುದು ಅದರ ಪರದೆ. ಅಂಗಡಿಯಲ್ಲಿ ಬೆಲೆ ವಿಚಾರಿಸುವವರು ಮೊದಲು ಕೇಳುವುದೂ ಎಷ್ಟು ಇಂಚಿನದು ಎಂದೇ. ಲ್ಯಾಪ್‌ಟಾಪಿನ ಉದ್ದಗಲವನ್ನು ನಿರ್ಧರಿಸುವುದು ಪರದೆ. ಬ್ಯಾಟರಿಯ ದೊಡ್ಡ ಪಾಲನ್ನು ನುಂಗುವುದು ಪರದೆ. ಕೈತಪ್ಪಿ ಬಿದ್ದಾಗ ಮೊದಲು ಒಡೆಯುವುದೂ ಅದೇ. ಕಣ್ಣು ಕಾಣದ ವಿದ್ಯಾರ್ಥಿಗೆ ಈ ಪರದೆಯಿಂದ ಆಗುವ ಪ್ರಯೋಜನವೇನು? ಉಳಿದವರ ಕಣ್ಣಿಗಾಗಿ ಮಾಡಿದ ಭಾರವನ್ನು ಆ ಮಗು ಬೆನ್ನಿನ ಮೇಲೆ ಹೊತ್ತು ತಿರುಗುತ್ತದೆ, ಅಷ್ಟೆ. ಪರದೆಯನ್ನು ಕಳಚಿಟ್ಟರೆ ಉಳಿಯುವುದು ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು, ಒಂದು ಕೀಲಿಮಣೆ, ಒಂದು ಇಯರ್‌ಫೋನ್. ಇವಿಷ್ಟೂ ಶಾಲೆಯ ಚೀಲದ ಬದಿಯ ಖಾನೆಯಲ್ಲಿ ಹಿಡಿಯುತ್ತವೆ.

ಇದು ಬರಿಯ ಕಲ್ಪನೆಯ ಮಾತಲ್ಲ. ಸುಮಾರು ನಾಲ್ಕು ದಶಕಗಳಿಂದ ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ಅಂಧ ತಂತ್ರಜ್ಞರೂ ಅವರ ಒಡನಾಡಿಗಳೂ ಈ ದಾರಿಯಲ್ಲಿ ನಡೆದಿದ್ದಾರೆ. ಅವರ ಅನುಭವದಿಂದ ದೊರೆತ ಪಾಠ ಸರಳವಾದುದು: ಯಂತ್ರ ಎಷ್ಟು ಬೇಕಾದರೂ ಚಿಕ್ಕದಾಗಲಿ, ಅದರೊಳಗೆ ನಡೆಯುವ ವ್ಯವಸ್ಥೆ ಮಾತ್ರ ಉಳಿದವರ ಮೇಜಿನ ಮೇಲಿರುವುದೇ ಆಗಿರಬೇಕು. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಹೆತ್ತವರಿಗೂ ಅಧ್ಯಾಪಕರಿಗೂ ಇದರಲ್ಲಿ ಎರಡು ಸಂಗತಿಗಳಿವೆ. ಎಂತಹ ಯಂತ್ರವನ್ನು ಆರಿಸಬೇಕು ಎಂಬುದು ಒಂದು. ಆರಿಸಿದ ಯಂತ್ರ ಕನ್ನಡವನ್ನು ಓದುವಂತಾಗಲು ತಾವು ಏನು ಮಾಡಬೇಕು ಎಂಬುದು ಇನ್ನೊಂದು.

ಏಳು ಕೀಲಿಗಳ ಪೆಟ್ಟಿಗೆ

1987ರಲ್ಲಿ ಅಮೆರಿಕದ ಎಂಜಿನಿಯರ್ ಡೀನ್ ಬ್ಲೇಜೀ ಅವರು 'ಬ್ರೈಲ್ ಎನ್ ಸ್ಪೀಕ್' ಎಂಬ ಸಣ್ಣ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಪರದೆಯೇ ಇರಲಿಲ್ಲ. ಬ್ರೈಲ್ ಲಿಪಿಯ ಆರು ಚುಕ್ಕಿಗಳಿಗೆ ಆರು ಕೀಲಿಗಳು, ಪದಗಳ ನಡುವೆ ಜಾಗ ಬಿಡಲು ಏಳನೆಯದು. ಒತ್ತಿದ್ದನ್ನು ಅದು ಕೃತಕ ಧ್ವನಿಯಲ್ಲಿ ಓದಿ ಹೇಳುತ್ತಿತ್ತು, ಬರೆದುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿತ್ತು. ತರಗತಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು, ದೂರವಾಣಿ ಸಂಖ್ಯೆಗಳನ್ನು ಬರೆದಿಡುವುದು, ದಿನಚರಿ ನೋಡಿಕೊಳ್ಳುವುದು ಇವೆಲ್ಲ ಅದರಿಂದ ಆಗುತ್ತಿದ್ದವು. ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಚುಚ್ಚಿ, ಹೊರೆಗಟ್ಟಲೆ ಹಾಳೆಗಳನ್ನು ಹೊತ್ತು ಓದಿದ ತಲೆಮಾರಿಗೆ ಅದೊಂದು ಬಿಡುಗಡೆಯಾಗಿತ್ತು.

ಆದರೆ ಆ ಪೆಟ್ಟಿಗೆಯ ಲೋಕ ಅದರದ್ದೇ ಆಗಿತ್ತು. ತಯಾರಕರು ಅದರೊಳಗೆ ಏನನ್ನು ಇಟ್ಟಿದ್ದರೋ ಅಷ್ಟನ್ನೇ ಅದು ಮಾಡಬಲ್ಲುದು. 2000ದಲ್ಲಿ ನ್ಯೂಜಿಲೆಂಡಿನ ಕಂಪೆನಿಯೊಂದು ಹೊರತಂದ 'ಬ್ರೈಲ್‌ನೋಟ್' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರೊಳಗೆ ನಡೆಯುತ್ತಿದ್ದುದು ವಿಂಡೋಸ್ ಸಿಇ, ಅಂದರೆ ಸಣ್ಣ ಸಾಧನಗಳಿಗೆಂದು ಮೈಕ್ರೋಸಾಫ್ಟ್ ಸಿದ್ಧಪಡಿಸಿದ ಕಿರಿಯ ವಿಂಡೋಸ್. ಬರೆಯಲು, ಪತ್ರ ಕಳುಹಿಸಲು, ಜಾಲತಾಣ ನೋಡಲು ಅದರಲ್ಲಿ ಅದರದೇ ತಂತ್ರಾಂಶಗಳಿದ್ದವು. ಸಹಪಾಠಿಗಳ ಗಣಕದಲ್ಲಿ ನಡೆಯುವ ತಂತ್ರಾಂಶವನ್ನು ತಂದು ಇದರಲ್ಲಿ ಕೂರಿಸುವಂತಿರಲಿಲ್ಲ. ಚುಕ್ಕಿಗಳು ಮೇಲೆದ್ದು ಇಳಿಯುವ ಬ್ರೈಲ್ ಪಟ್ಟಿಯೂ ಜೊತೆಗಿದ್ದರೆ ಇಂತಹ ಸಾಧನಗಳ ಬೆಲೆ ಹಲವು ಸಾವಿರ ಡಾಲರುಗಳನ್ನು ಮುಟ್ಟುತ್ತಿತ್ತು. ಕಾಲ ಕಳೆದಂತೆ ವಿಂಡೋಸ್ ಸಿಇ ಮೂಲೆಗುಂಪಾಯಿತು. ಜಾಲತಾಣಗಳ ರೂಪ ಬದಲಾಯಿತು. ದುಬಾರಿ ಪೆಟ್ಟಿಗೆ ಹಳೆಯ ಕಾಲದಲ್ಲೇ ನಿಂತುಬಿಟ್ಟಿತು.

ಕುರುಡರಿಗಾಗಿಯೇ ಮಾಡಿದ ಪ್ರತ್ಯೇಕ ಸಾಧನದ ಒಳಿತು-ಕೆಡುಕುಗಳು ಇಲ್ಲಿ ಸ್ಪಷ್ಟವಾಗುತ್ತವೆ. ಅದು ಕೈಗೆ ಒಗ್ಗುತ್ತದೆ, ಬೇಗ ಕಲಿಯಲು ಬರುತ್ತದೆ. ಆದರೆ ಅದನ್ನು ಬಳಸುವ ಮಗು ಉಳಿದವರಿಂದ ಒಂದು ಗೋಡೆಯಾಚೆ ಕುಳಿತಿರುತ್ತದೆ. ಪಕ್ಕದ ಬೆಂಚಿನವನು ಲೆಕ್ಕಪಟ್ಟಿಯ ಕಡತವೊಂದನ್ನು ಕೊಟ್ಟರೆ ಅದು ತೆರೆದುಕೊಳ್ಳುತ್ತದೆಯೋ ಇಲ್ಲವೋ ಎಂಬ ಚಿಂತೆ ತಪ್ಪುವುದಿಲ್ಲ. ಗೋಡೆ ಬೇಡವೆಂದಾದರೆ ಎಲ್ಲರೂ ಬಳಸುವ ವಿಂಡೋಸ್ ಅಥವಾ ಲಿನಕ್ಸನ್ನೇ ಮಾತನಾಡಿಸಬೇಕು. ಆ ಕೆಲಸ ಮಾಡುವ ತಂತ್ರಾಂಶವೇ ಸ್ಕ್ರೀನ್ ರೀಡರ್.

ಓದಿ ಹೇಳುವ ತಂತ್ರಾಂಶ

ಹೆಸರು ಹೇಳುವಂತೆ ಅದು ಪರದೆಯನ್ನು 'ನೋಡಿ' ಓದುವುದಿಲ್ಲ. ಗಣಕದಲ್ಲಿ ತೆರೆದಿರುವ ತಂತ್ರಾಂಶವನ್ನು ಅದು ಪ್ರಶ್ನಿಸುತ್ತದೆ: ಈಗ ಕರ್ಸರ್ ಎಲ್ಲಿದೆ, ಅಲ್ಲಿರುವುದು ಗುಂಡಿಯೋ ಪಟ್ಟಿಯೋ ಬರೆಯುವ ಜಾಗವೋ, ಅದರ ಹೆಸರೇನು, ಅದನ್ನು ಆರಿಸಲಾಗಿದೆಯೋ ಇಲ್ಲವೋ? ಬಂದ ಉತ್ತರವನ್ನು ಧ್ವನಿಗೆ ಒಪ್ಪಿಸುತ್ತದೆ. ಆದುದರಿಂದ ಪರದೆ ಇರಲಿ, ಇಲ್ಲದಿರಲಿ, ಸ್ಕ್ರೀನ್ ರೀಡರಿನ ಕೆಲಸ ನಡೆಯುತ್ತದೆ. ಮೌಸನ್ನು ಹಿಡಿಯುವ ಪ್ರಶ್ನೆಯೇ ಇಲ್ಲ, ಎಲ್ಲವೂ ಕೀಲಿಮಣೆಯಿಂದಲೇ. ಚಿಕ್ಕ ಯಂತ್ರಗಳ ದಾರಿ ತೆರೆದುಕೊಂಡದ್ದು ಇದರಿಂದಲೇ.

ಈ ಸ್ಥಿತಿಗೆ ಬರುವ ಮುನ್ನ ಒಂದು ಬಿಕ್ಕಟ್ಟಿನ ಕಾಲವಿತ್ತು. ಹಳೆಯ ಡಾಸ್ ಗಣಕಗಳಲ್ಲಿ ಪರದೆಯ ಮೇಲಿನ ಅಕ್ಷರಗಳು ನೆನಪಿನಕೋಶದಲ್ಲಿ ಅಕ್ಷರಗಳಾಗಿಯೇ ಇರುತ್ತಿದ್ದವು. ಅವನ್ನು ಎತ್ತಿ ಓದುವುದು ಸುಲಭವಾಗಿತ್ತು. ವಿಂಡೋಸ್ ಬಂದಾಗ ಅಕ್ಷರವೂ ಚಿತ್ರವಾಯಿತು. ದುಡಿಯುತ್ತಿದ್ದ ಅಂಧ ನೌಕರರು ಕೆಲಸ ಕಳೆದುಕೊಳ್ಳುವ ಭಯಕ್ಕೆ ಒಳಗಾದರು. ಆಗ ನೆರವಿಗೆ ಬಂದ ತಂತ್ರಾಂಶಗಳಲ್ಲಿ 'ಜಾಸ್' ಪ್ರಮುಖವಾದುದು. ಅದನ್ನು ರೂಪಿಸಿದ ಟೆಡ್ ಹೆಂಟರ್ ಮೋಟರ್‌ಸೈಕಲ್ ಪಂದ್ಯಗಳಲ್ಲಿ ಸ್ಪರ್ಧಿಸುತ್ತಿದ್ದವರು. 1978ರಲ್ಲಿ ಕಾರು ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡ ಬಳಿಕ ಗಣಕ ವಿದ್ಯೆಯನ್ನು ಕಲಿತವರು. ಜಾಸ್ ಉತ್ತಮ ತಂತ್ರಾಂಶ, ಆದರೆ ಹಣ ತೆತ್ತು ಕೊಳ್ಳಬೇಕಾದದ್ದು.

ಆ ಹೊರೆಯನ್ನು ಇಳಿಸಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ಮೈಕೆಲ್ ಕರನ್ ಮತ್ತು ಜೇಮ್ಸ್ ಟೇ ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಿತರಾದವರು. ಕಣ್ಣಿದ್ದವರು ಗಣಕಕ್ಕೆ ಕೊಡುವ ಬೆಲೆಯ ಮೇಲೆ ಕಣ್ಣಿಲ್ಲದವರು ಇನ್ನಷ್ಟು ಏಕೆ ತೆರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. 2006ರಲ್ಲಿ ಕರನ್ ಆರಂಭಿಸಿದ 'ಎನ್‌ವಿಡಿಎ' ಎಂಬ ಸ್ಕ್ರೀನ್ ರೀಡರ್ ವಿಂಡೋಸಿಗೆ ಉಚಿತವಾಗಿ ದೊರೆಯುತ್ತದೆ; ಅದರ ಮೂಲಸಂಕೇತವೂ ಎಲ್ಲರಿಗೂ ತೆರೆದಿದೆ. ಲಿನಕ್ಸಿನಲ್ಲಿ ಇದೇ ಕೆಲಸ ಮಾಡುವುದು 'ಒರ್ಕಾ'. ಜಾಸ್ ಎಂಬ ಹೆಸರು ಶಾರ್ಕ್ ಮೀನಿನ ಪ್ರಸಿದ್ಧ ಚಲನಚಿತ್ರವನ್ನು ನೆನಪಿಸುವಂತಹುದು. ಅದಕ್ಕೆ ಮರುನುಡಿಯೆಂಬಂತೆ ಲಿನಕ್ಸಿನವರು ತಮ್ಮದಕ್ಕೆ ತಿಮಿಂಗಿಲದ ಹೆಸರಿಟ್ಟರು. ಒರ್ಕಾಕ್ಕೂ ಹಣ ಕೊಡಬೇಕಿಲ್ಲ.

ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಅವರ ಹೆಸರನ್ನೂ ಇಲ್ಲಿ ನೆನೆಯಬೇಕು. ಹದಿನಾಲ್ಕರ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ಅವರು ಮುಂಬೈ ಐಐಟಿಯಲ್ಲಿ ಕಲಿತು, ಗಣಿತದ ಸೂತ್ರಗಳನ್ನೂ ಕಿವಿಗೆ ಅರ್ಥವಾಗುವಂತೆ ಓದಿಸುವ ವ್ಯವಸ್ಥೆಯ ಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ 1994ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಅವರು ಹೊರತಂದ 'ಈಮ್ಯಾಕ್‌ಸ್ಪೀಕ್' ಬರೆಯುವುದು, ಅಂಚೆ ನೋಡುವುದು, ಪ್ರೋಗ್ರಾಮ್ ರಚಿಸುವುದು ಮೊದಲಾದ ಕೆಲಸಗಳನ್ನು ಧ್ವನಿಯೊಂದರಿಂದಲೇ ಮಾಡಲು ನೆರವಾಯಿತು. ಗಣಕದ ಕೆಲಸಕ್ಕೆ ಕಣ್ಣು ಅನಿವಾರ್ಯವಲ್ಲ ಎಂಬುದಕ್ಕೆ ಅವರ ಬದುಕೇ ನಿದರ್ಶನ.

ಅಂಗೈಯಗಲದ ಯಂತ್ರಗಳು

ಹೀಗೆ ಪೂರ್ಣ ಪ್ರಮಾಣದ ಗಣಕ ಮಾತನಾಡತೊಡಗಿದ ಮೇಲೆ, ಅದನ್ನು ಕಿಸೆಗೆ ಇಳಿಸುವ ಕೆಲಸ ಉಳಿಯಿತು. ಇದಕ್ಕೆ ಇಂದು ನಾಲ್ಕು ದಾರಿಗಳಿವೆ.

ಮೊದಲನೆಯದು ಕಿರುಗಣಕ. ಚೀನಾದ ಶೆನ್‌ಜೆನ್ ನಗರದ ಜಿಪಿಡಿ ಕಂಪೆನಿ 2016ರಲ್ಲಿ ಐದೂವರೆ ಇಂಚಿನ ಪರದೆಯ 'ಜಿಪಿಡಿ ವಿನ್' ಎಂಬ ಯಂತ್ರವನ್ನೂ, ಮರುವರ್ಷ ಏಳು ಇಂಚಿನ 'ಜಿಪಿಡಿ ಪಾಕೆಟ್' ಎಂಬುದನ್ನೂ ಹೊರತಂದಿತು. ಮೊದಲನೆಯದನ್ನು ಮಾಡಿದ್ದು ಆಟವಾಡುವವರಿಗಾಗಿ. ಆದರೆ ಒಳಗಿರುವುದು ಪೂರ್ಣ ವಿಂಡೋಸ್. ಎನ್‌ವಿಡಿಎ ಅದರಲ್ಲಿ ದೊಡ್ಡ ಗಣಕದಲ್ಲಿ ನಡೆದಂತೆಯೇ ನಡೆಯುತ್ತದೆ. ಕಣ್ಣುಳ್ಳವರಿಗೆ ಈ ಪರದೆಯ ಅಕ್ಷರ ಇರುವೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಕಿವಿಯಿಂದ ಓದುವವರಿಗೆ ಆ ತೊಂದರೆಯಿಲ್ಲ. ಐದು ಇಂಚಿನ ಪರದೆಯೂ ಐವತ್ತು ಇಂಚಿನ ಪರದೆಯೂ ಅವರಿಗೆ ಒಂದೇ ರೀತಿ ಕೇಳಿಸುತ್ತದೆ.

ಎರಡನೆಯದು ಬರಿಯ ಬೋರ್ಡು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶದಿಂದ ರೂಪುಗೊಂಡ 'ರಾಸ್ಪ್‌ಬೆರಿ ಪೈ' 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಮಾರಾಟಕ್ಕೆ ಬಂತು. ಸುಮಾರು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ; ಎಟಿಎಂ ಕಾರ್ಡಿನಷ್ಟೇ. 2021ರಲ್ಲಿ ಬಂದ 'ಝೀರೋ 2 ಡಬ್ಲ್ಯು' ಎಂಬ ಮಾದರಿ ಇನ್ನೂ ಚಿಕ್ಕದು, 65 ಮಿಲಿಮೀಟರಿಗೆ 30; ಬಿಡುಗಡೆಯ ಬೆಲೆ 15 ಡಾಲರ್. ಇವುಗಳಲ್ಲಿ ನಡೆಯುವುದು ಲಿನಕ್ಸ್. ಮೊಬೈಲಿಗೆ ಬಳಸುವಂತಹ ಪವರ್ ಬ್ಯಾಂಕ್ ಒಂದನ್ನು ಜೋಡಿಸಿದರೆ, ಮಡಚುವ ಕೀಲಿಮಣೆಯೊಂದನ್ನು ಸೇರಿಸಿದರೆ ಒರ್ಕಾ ಸಹಿತವಾದ ಗಣಕ ಸಿದ್ಧ. ಈ ವ್ಯವಸ್ಥೆಯನ್ನು ರೂಪಿಸಿದವರು ಹೊಸ ಬಳಕೆದಾರನನ್ನು ಮರೆತಿಲ್ಲ. ಮೊದಲ ಬಾರಿ ಚಾಲೂ ಮಾಡಿ ತುಸು ಹೊತ್ತು ಸುಮ್ಮನೆ ಬಿಟ್ಟರೆ, ಸ್ಕ್ರೀನ್ ರೀಡರ್ ಬೇಕಿದ್ದರೆ ಕಂಟ್ರೋಲ್, ಆಲ್ಟ್, ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕೆಂದು ಹೇಳುವ ಧ್ವನಿಯೊಂದನ್ನು ಅದರ ಆರಂಭದ ಹಂತದಲ್ಲಿ ಅಳವಡಿಸಿದರು. ಇಂಟರ್ನೆಟ್ ಸಂಪರ್ಕವಿದ್ದರೆ ಒರ್ಕಾ ಇಳಿದು ಸ್ಥಾಪನೆಗೊಳ್ಳುತ್ತದೆ. ಕಣ್ಣುಳ್ಳವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಯಂತ್ರವನ್ನು ಆರಂಭದಿಂದಲೇ ತಾನಾಗಿ ಸಜ್ಜುಗೊಳಿಸುವುದು ಅಂಧ ಬಳಕೆದಾರನಿಗೆ ಸಣ್ಣ ಸಂಗತಿಯಲ್ಲ.

ಮೂರನೆಯದು ಹಳೆಯ ಪೆಟ್ಟಿಗೆಯ ಹೊಸ ಅವತಾರ. ಬ್ರೈಲ್ ಎನ್ ಸ್ಪೀಕನ್ನು ಮಾಡಿದ ಅದೇ ಡೀನ್ ಬ್ಲೇಜೀ ಹಲವು ವರ್ಷಗಳ ಬಳಿಕ 'ಬಿಟಿ ಸ್ಪೀಕ್' ಎಂಬ ಸಾಧನದೊಂದಿಗೆ ಮರಳಿ ಬಂದಿದ್ದಾರೆ. ಹೊರಗೆ ಹಿಂದಿನಂತೆಯೇ ಬ್ರೈಲ್ ಕೀಲಿಗಳು, ಪರದೆಯಿಲ್ಲ. ಒಳಗಿರುವುದು ಮಾತ್ರ ರಾಸ್ಪ್‌ಬೆರಿ ಪೈ ಕುಟುಂಬದ ಬೋರ್ಡು ಮತ್ತು ಲಿನಕ್ಸ್. ಸರಳ ಪಟ್ಟಿಯಿಂದ ಟಿಪ್ಪಣಿ ಬರೆಯಲೂಬಹುದು. ಬೇಕೆನಿಸಿದಾಗ ಒರ್ಕಾ ಸಹಿತವಾದ ಪೂರ್ಣ ಡೆಸ್ಕ್‌ಟಾಪನ್ನು ತೆರೆಯಲೂಬಹುದು. 1987ರ ಪೆಟ್ಟಿಗೆಯ ಸುತ್ತ ಇದ್ದ ಗೋಡೆಗೆ ಅದನ್ನು ಕಟ್ಟಿದವರೇ ಬಾಗಿಲು ತೆರೆದಂತಾಯಿತು.

ನಾಲ್ಕನೆಯದು ಎಲ್ಲಕ್ಕಿಂತ ಅಗ್ಗ: ಯಂತ್ರವನ್ನು ಬಿಟ್ಟು ಧ್ವನಿಯನ್ನಷ್ಟೇ ಕಿಸೆಯಲ್ಲಿಟ್ಟುಕೊಳ್ಳುವುದು. ಎನ್‌ವಿಡಿಎಯನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡರೆ, ಯಾವುದೇ ವಿಂಡೋಸ್ ಗಣಕಕ್ಕೆ ಅದನ್ನು ಸಿಕ್ಕಿಸಿ ಸ್ಥಾಪನೆಯ ಗೊಡವೆಯಿಲ್ಲದೆ ನಡೆಸಬಹುದು. ಶಾಲೆಯ ಗಣಕವಾಗಲಿ ಗ್ರಂಥಾಲಯದ ಗಣಕವಾಗಲಿ, ಹೊರಗಿನ ಸಾಧನಗಳಿಗೆ ಅಲ್ಲಿ ಅನುಮತಿಯಿದ್ದರೆ, ಒಂದು ನಿಮಿಷದಲ್ಲಿ ಮಾತನಾಡತೊಡಗುತ್ತದೆ. ಯಂತ್ರ ಕೊಳ್ಳುವ ಅನುಕೂಲವಿಲ್ಲದ ಮನೆಯವರು ಆರಂಭಿಸಬೇಕಾದುದು ಇಲ್ಲಿಂದ.

ಯಂತ್ರ ಮೂಕವಾದಾಗ

ಈ ದಾರಿಗಳಲ್ಲಿ ಕಲ್ಲುಮುಳ್ಳುಗಳೂ ಇವೆ. ಅವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪರದೆಯಿಲ್ಲದ ಗಣಕದಲ್ಲಿ ಧ್ವನಿ ನಿಂತಿತೆಂದರೆ ಎಲ್ಲವೂ ನಿಂತಂತೆ. ಯಂತ್ರ ಸತ್ತಿದೆಯೋ, ಇಯರ್‌ಫೋನ್ ಕೆಟ್ಟಿದೆಯೋ, ಸ್ಕ್ರೀನ್ ರೀಡರ್ ಮಾತ್ರ ಸ್ಥಗಿತವಾಗಿದೆಯೋ ಎಂದು ತಿಳಿಯಲು ಯಾವ ಸುಳಿವೂ ಇರುವುದಿಲ್ಲ.

ಧ್ವನಿ ಹೊರಬರುವ ದಾರಿಯನ್ನು ಕೊಳ್ಳುವಾಗಲೇ ನೋಡಬೇಕು. ರಾಸ್ಪ್‌ಬೆರಿ ಪೈ 4ರಲ್ಲಿ ಇಯರ್‌ಫೋನಿನ ತೂತು ಇದೆ; ಝೀರೋ ಮಾದರಿಗಳಲ್ಲಿಯೂ 2023ರ ಪೈ 5ರಲ್ಲಿಯೂ ಇಲ್ಲ. ಅಂತಹ ಬೋರ್ಡಿಗೆ ಯುಎಸ್‌ಬಿ ಇಯರ್‌ಫೋನ್ ಬೇಕು. ಬ್ಲೂಟೂತ್ ಸಾಲದೇ ಎಂದು ಕೇಳಬಹುದು. ಬ್ಲೂಟೂತನ್ನು ಜೋಡಿಸುವ ಕೆಲಸವನ್ನೇ ಧ್ವನಿಯಿಲ್ಲದೆ ಮಾಡುವುದು ಹೇಗೆ? ಮೇಲಾಗಿ ಒತ್ತಿದ ಕೀಲಿಗೂ ಕೇಳುವ ಅಕ್ಷರಕ್ಕೂ ನಡುವೆ ಅದು ತುಸು ವಿಳಂಬ ಮಾಡುತ್ತದೆ. ಹಾಡು ಕೇಳುವವನಿಗೆ ಆ ವಿಳಂಬ ಗೊತ್ತೇ ಆಗದು. ಅಕ್ಷರ ಅಕ್ಷರವಾಗಿ ಬರೆಯುವವನಿಗೆ ಅದು ಕಾಲಿಗೆ ತೊಡರುವ ಬಳ್ಳಿ. ತಂತಿಯ ಇಯರ್‌ಫೋನೇ ಲೇಸು.

ಕೀಲಿಮಣೆಯೂ ಅಷ್ಟೇ ಮುಖ್ಯ. ಎನ್‌ವಿಡಿಎ, ಒರ್ಕಾ ಎರಡಕ್ಕೂ ಹೆಚ್ಚಿನ ಆಜ್ಞೆಗಳು 'ಇನ್ಸರ್ಟ್' ಕೀಲಿಯನ್ನು ಹಿಡಿದು ಇನ್ನೊಂದನ್ನು ಒತ್ತುವುದರಿಂದ ನಡೆಯುತ್ತವೆ. ಪುಟ್ಟ ಕೀಲಿಮಣೆಗಳಲ್ಲಿ ಆ ಕೀಲಿ ಇರುವುದೇ ಅಪರೂಪ. ಆಗ 'ಕ್ಯಾಪ್ಸ್ ಲಾಕ್' ಕೀಲಿಯನ್ನು ಅದರ ಬದಲಿಗೆ ನಿಯೋಜಿಸಿಕೊಳ್ಳಲು ಎರಡರಲ್ಲಿಯೂ ಅವಕಾಶವಿದೆ. ಬೆರಳಿಗೆ ಗುರುತು ಸಿಗದ ನುಣುಪಾದ ಕೀಲಿಗಳನ್ನು ಬಿಟ್ಟು, ಒತ್ತಿದ್ದು ಸ್ಪಷ್ಟವಾಗಿ ತಿಳಿಯುವ, ಎಫ್ ಮತ್ತು ಜೆ ಕೀಲಿಗಳ ಮೇಲೆ ಉಬ್ಬುಗೆರೆಯಿರುವ ಮಣೆಯನ್ನು ಆರಿಸಬೇಕು.

ಅಗ್ಗದ ಬೋರ್ಡಿನ ಸಾಮರ್ಥ್ಯಕ್ಕೂ ಮಿತಿಯಿದೆ. ಝೀರೋ 2 ಡಬ್ಲ್ಯುವಿನ ನೆನಪಿನಕೋಶ 512 ಎಂಬಿ ಮಾತ್ರ. ಅಕ್ಷರಗಳಷ್ಟೇ ಇರುವ ಕಪ್ಪು ಪರದೆಯ ಲಿನಕ್ಸನ್ನು 'ಸ್ಪೀಕಪ್' ಎಂಬ ಓದುಗದೊಂದಿಗೆ ನಡೆಸಲು ಅದು ಸಾಕು. ಪೂರ್ಣ ಡೆಸ್ಕ್‌ಟಾಪ್, ಒರ್ಕಾ, ಬ್ರೌಸರ್ ಮೂರನ್ನೂ ಹೇರಿದರೆ ಏದುಸಿರು ಬಿಡುತ್ತದೆ. ಶಾಲೆಯ ಕೆಲಸಕ್ಕೆ 4 ಜಿಬಿಯ ಬೋರ್ಡು ಹೊಂದುತ್ತದೆ. ಇವುಗಳ ಇಡೀ ವ್ಯವಸ್ಥೆ ಇರುವುದು ಉಗುರಿನಗಲದ ಮೆಮೊರಿ ಕಾರ್ಡಿನಲ್ಲಿ. ಸರಿಯಾಗಿ ಮುಚ್ಚದೆ ವಿದ್ಯುತ್ ಕಡಿತಗೊಂಡರೆ ಅದು ಹಾಳಾಗುವುದುಂಟು. ಮಳೆಗಾಲದಲ್ಲಿ ದಿನಕ್ಕೆ ಹಲವು ಬಾರಿ ಕರೆಂಟು ಹೋಗುವ ಊರುಗಳಲ್ಲಿ ಪವರ್ ಬ್ಯಾಂಕಿನಿಂದಲೇ ನಡೆಸುವುದು, ಎಲ್ಲವೂ ಸರಿಯಿರುವಾಗ ಕಾರ್ಡಿನ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳುವುದು ಕ್ಷೇಮಕರ. ಯಂತ್ರ ಮೂಕವಾದ ದಿನ ಕಾರ್ಡು ಬದಲಿಸಿದರೆ ಮತ್ತೆ ಮಾತು ಬರುತ್ತದೆ. ಪರೀಕ್ಷೆಯ ಹಿಂದಿನ ದಿನ ಹೊಸ ಆವೃತ್ತಿಗೆ ನವೀಕರಿಸುವ ಉತ್ಸಾಹವನ್ನೂ ಬದಿಗಿಡಬೇಕು.

ಕನ್ನಡ ಓದುವ ಯಂತ್ರ

ಇಷ್ಟೆಲ್ಲ ಆದ ಮೇಲೂ ಗಡಿನಾಡಿನ ಮನೆಯವರಿಗೆ ಉಳಿಯುವ ಪ್ರಶ್ನೆ: ಇದು ಕನ್ನಡ ಓದುತ್ತದೆಯೇ? ಓದುತ್ತದೆ. ಎನ್‌ವಿಡಿಎಯ ಜೊತೆಗೇ ಬರುವ, ಒರ್ಕಾ ಸಾಮಾನ್ಯವಾಗಿ ಬಳಸುವ 'ಇ-ಸ್ಪೀಕ್' ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡವಿದೆ. ಮಲಯಾಳ, ತಮಿಳು, ತೆಲುಗು, ಮರಾಠಿಗಳೂ ಇವೆ. ಅದು ಮನುಷ್ಯರ ಧ್ವನಿಯ ತುಣುಕುಗಳನ್ನು ಜೋಡಿಸುವುದರ ಬದಲು ಲೆಕ್ಕಾಚಾರದಿಂದ ಧ್ವನಿಯನ್ನು ಹುಟ್ಟಿಸುತ್ತದೆ. ಹಾಗಾಗಿ ಅದರ ಗಾತ್ರ ಅತಿ ಚಿಕ್ಕದು. ಇಂಟರ್ನೆಟ್ ಇಲ್ಲದೆಯೂ ಅಗ್ಗದ ಬೋರ್ಡಿನಲ್ಲಿ ತಡವರಿಸದೆ ನಡೆಯುತ್ತದೆ. ಕೇಳುವುದಕ್ಕೆ ಒರಟು, ತಗಡಿನ ಮೇಲೆ ಮಾತಾಡಿದಂತೆ. ಮೊದಲ ಬಾರಿ ಕೇಳಿದ ಹೆತ್ತವರು ಮುಖ ಸಿಂಡರಿಸುವುದು ಸಹಜ. ಆದರೆ ರೂಢಿಯಾದ ಕಿವಿ ಅದನ್ನು ಸಾಮಾನ್ಯ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಹಿಂಬಾಲಿಸಬಲ್ಲುದು. ಇಂಪಾದ ಧ್ವನಿಯೇ ಬೇಕೆಂದು ಕಾಯುತ್ತ ಕೂರುವುದಕ್ಕಿಂತ ಇದನ್ನು ಕಿವಿಗೆ ಒಗ್ಗಿಸಿಕೊಳ್ಳುವುದು ಮೇಲು.

ಬರೆಯುವುದಕ್ಕೂ ಬ್ರೈಲ್ ಕಲಿತ ಮಕ್ಕಳಿಗೆ ಒಂದು ಹತ್ತಿರದ ದಾರಿಯಿದೆ. ಸಾಮಾನ್ಯ ಕೀಲಿಮಣೆಯ ಎಫ್, ಡಿ, ಎಸ್ ಮತ್ತು ಜೆ, ಕೆ, ಎಲ್ ಕೀಲಿಗಳನ್ನು ಬ್ರೈಲಿನ ಆರು ಚುಕ್ಕಿಗಳಾಗಿ ಬಳಸಿ ಭಾರತೀಯ ಭಾಷೆಗಳನ್ನು ಬರೆಯುವ ತಂತ್ರಾಂಶಗಳು ಲಿನಕ್ಸಿನಲ್ಲಿವೆ; ಕೇರಳದ ಸ್ವತಂತ್ರ ತಂತ್ರಾಂಶದ ಬಳಗ ಈ ಕೆಲಸಕ್ಕೆ ಹೆಗಲು ಕೊಟ್ಟಿದೆ. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಅದರಲ್ಲಿ ಕನ್ನಡದ 'ಕ'ಕಾರಕ್ಕೂ ಮಲಯಾಳದ 'ಕ'ಕಾರಕ್ಕೂ ಚುಕ್ಕಿಗಳು ಒಂದೇ, ಮೊದಲನೆಯದು ಮತ್ತು ಮೂರನೆಯದು. ಮನೆಯಲ್ಲಿ ಒಂದು ನುಡಿ, ಬಸ್ ನಿಲ್ದಾಣದಲ್ಲಿ ಇನ್ನೊಂದು ಲಿಪಿ ಎಂಬ ಗಡಿನಾಡಿನ ದಿನನಿತ್ಯದ ತೊಡಕು ಬೆರಳ ತುದಿಯಲ್ಲಿ ಓದುವ ಮಗುವಿಗೆ ಅರ್ಧ ಇಳಿದಂತೆಯೇ.

ಆದರೆ ಯಂತ್ರ ಕನ್ನಡ ಓದಬೇಕಾದರೆ ಅದಕ್ಕೆ ಕೊಡುವುದು ಕನ್ನಡವೇ ಆಗಿರಬೇಕು. ಇಲ್ಲಿ ತೊಡಕು ಇರುವುದು ಯಂತ್ರದಲ್ಲಲ್ಲ, ಸುತ್ತಲಿನವರ ಅಭ್ಯಾಸದಲ್ಲಿ. ಹಳೆಯ ಕನ್ನಡ ಫಾಂಟುಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ, ಸುತ್ತೋಲೆ, ಟಿಪ್ಪಣಿಗಳು ಕಣ್ಣಿಗೆ ಅಚ್ಚಗನ್ನಡವಾಗಿ ಕಾಣುತ್ತವೆ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸಿರುತ್ತದೆ. ಸ್ಕ್ರೀನ್ ರೀಡರಿಗೆ ಮುಖವಾಡ ಕಾಣದು. ಅದು ಒಳಗಿನ ಅಕ್ಷರಗಳನ್ನೇ ಅರ್ಥವಿಲ್ಲದ ಗದ್ದಲವಾಗಿ ಓದುತ್ತದೆ. ಯುನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಅದರಲ್ಲಿ ಬರೆದ ಪಠ್ಯವನ್ನು ಯಾವ ಸ್ಕ್ರೀನ್ ರೀಡರ್ ಆದರೂ ಓದಬಲ್ಲುದು. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇವೆ.

ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಪಾಠಗಳ ಪಾಡೂ ಇಂತಹುದೇ. ಅಚ್ಚಾದ ಪುಟದ ಚಿತ್ರವನ್ನು ಅಕ್ಷರವಾಗಿಸಲು 'ಟೆಸರಾಕ್ಟ್' ಎಂಬ ಉಚಿತ ತಂತ್ರಾಂಶ ಕನ್ನಡದಲ್ಲೂ ನೆರವಾಗುತ್ತದೆ. ಕೈಬರಹದ ಮುಂದೆ ಅದು ಕೈಚೆಲ್ಲುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೂವತ್ತೊಂಬತ್ತು ಮಂದಿ ಒಂದು ಕ್ಷಣದಲ್ಲಿ ಓದಿ ಮುಗಿಸುವ ಪುಟ, ನಲವತ್ತನೆಯ ಮಗುವಿಗೆ ಯಾರಾದರೂ ಬಿಡುವು ಮಾಡಿಕೊಂಡು ಓದಿ ಹೇಳುವವರೆಗೆ ಮುಚ್ಚಿದ ಬಾಗಿಲು.

ಮನೆಯಲ್ಲೂ ಶಾಲೆಯಲ್ಲೂ ಒಂದೇ ವಿದ್ಯೆ

ಕೈಯಲ್ಲಿ ಮೊಬೈಲ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ. ಸುದ್ದಿ ಕೇಳಲು, ಸಂದೇಶ ಕಳುಹಿಸಲು, ನೋಟನ್ನು ಗುರುತಿಸಲು ಅದಕ್ಕಿಂತ ಅನುಕೂಲವಾದುದು ಬೇರೆಯಿಲ್ಲ. ಆದರೆ ಹತ್ತು ಪುಟಗಳ ಪ್ರಬಂಧವನ್ನು ಬರೆದು ತಿದ್ದುವುದು, ಲೆಕ್ಕಪಟ್ಟಿಯ ಕೋಷ್ಟಕದಲ್ಲಿ ಸಾಲು ಕಂಬಗಳ ನಡುವೆ ಓಡಾಡುವುದು, ಕಡತಗಳನ್ನು ಅಡಕವಾಗಿ ಜೋಡಿಸಿಡುವುದು, ಪ್ರೋಗ್ರಾಮ್ ಬರೆದು ಪರೀಕ್ಷಿಸುವುದು ಇವೆಲ್ಲ ಮೇಜಿನ ಗಣಕದ ಕೆಲಸಗಳು. ಮುಂದೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಎದುರಾಗುವುದೂ ಮೇಜಿನ ಗಣಕವೇ.

ಕಾಸರಗೋಡು, ಮಂಜೇಶ್ವರ ಪ್ರದೇಶದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕಾರಣವೊಂದಿದೆ. ಕೇರಳದ ಹೈಸ್ಕೂಲುಗಳಲ್ಲಿ ಗಣಕ ಒಂದು ಪಾಠವಿಷಯ. ಹತ್ತನೆಯ ತರಗತಿಗೆ ಅದರ ಪ್ರಾಯೋಗಿಕ ಪರೀಕ್ಷೆಯೂ ಇದೆ. ಐಟಿ ಅಟ್ ಸ್ಕೂಲ್ ಯೋಜನೆಯಾಗಿ ಆರಂಭಗೊಂಡು ಇಂದು 'ಕೈಟ್' ಎಂದು ಕರೆಯಲ್ಪಡುವ ಸಂಸ್ಥೆ ಶಾಲೆಗಳಿಗೆ ಒದಗಿಸಿರುವುದು ಉಬುಂಟು ಆಧಾರಿತ ಲಿನಕ್ಸ್. ಉಬುಂಟುವಿನ ಜೊತೆ ಒರ್ಕಾ ಬಂದೇ ಬರುತ್ತದೆ. ಅದರ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಆಲ್ಟ್, ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಮನೆಯಲ್ಲಿ ಅಂಗೈಯಗಲದ ಬೋರ್ಡಿನ ಮೇಲೆ ಕಲಿತ ಆಜ್ಞೆಗಳೇ ಶಾಲೆಯ ಗಣಕದಲ್ಲೂ ನಡೆಯುತ್ತವೆ. ಬೆರಳುಗಳು ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ. ಕಿಸೆಯ ಯಂತ್ರದಲ್ಲಿ ಪೂರ್ಣ ವ್ಯವಸ್ಥೆಯೇ ಇರಬೇಕೆಂಬ ಹಟಕ್ಕೆ ಇದಕ್ಕಿಂತ ಸರಳವಾದ ಸಮರ್ಥನೆ ಬೇಕಿಲ್ಲ.

ಶಾಲೆ ತೆರೆಯುವ ಮುನ್ನ ರಕ್ಷಕ-ಶಿಕ್ಷಕ ಸಂಘದ ಸಭೆಗಳು ನಡೆಯುತ್ತವೆ. ದೃಷ್ಟಿಯ ಕೊರತೆಯಿರುವ ಮಗುವೊಂದು ಶಾಲೆಯಲ್ಲಿದ್ದರೆ ಆ ಸಭೆಯಲ್ಲಿ ತೆಗೆದುಕೊಳ್ಳಬಹುದಾದ ತೀರ್ಮಾನಗಳು ಮೂರು. ಗಣಕ ಕೊಠಡಿಯ ಒಂದು ಯಂತ್ರದಲ್ಲಾದರೂ ಒರ್ಕಾವನ್ನು ಎಚ್ಚರಿಸಿ, ಕನ್ನಡ ಧ್ವನಿ ಕೇಳುತ್ತದೆಯೇ ಎಂದು ಪರೀಕ್ಷಿಸಿ, ಒಂದು ಇಯರ್‌ಫೋನನ್ನು ಅಲ್ಲಿಡುವುದು. ಟಿಪ್ಪಣಿ, ಪ್ರಶ್ನೆಪತ್ರಿಕೆ, ಸೂಚನೆಗಳನ್ನು ಯುನಿಕೋಡಿನಲ್ಲಿ ಬರೆದು ಚಿತ್ರದ ಬದಲು ಪಠ್ಯವಾಗಿಯೇ ಹಂಚುವುದು. ಮಗುವಿಗೆ ಸ್ವಂತ ಯಂತ್ರ ಕೊಡಿಸಲು ದಾನಿಗಳು ಮುಂದೆ ಬಂದರೆ, ದೊಡ್ಡ ಪರದೆಯ ಲ್ಯಾಪ್‌ಟಾಪಿನ ಮುಂದೆ ಫೋಟೋ ತೆಗೆಸಿಕೊಳ್ಳುವ ಮೊದಲು, ಮಗುವಿನ ಕೈಗೆ ಕೀಲಿಮಣೆಯನ್ನು ಕೊಟ್ಟು ಯಾವುದು ಒಗ್ಗುತ್ತದೆ ಎಂದು ಅದನ್ನೇ ಕೇಳುವುದು. ಮೊದಲ ಎರಡಕ್ಕೆ ಇಯರ್‌ಫೋನಿನ ಬೆಲೆಯ ಹೊರತು ಬೇರೆ ಖರ್ಚಿಲ್ಲ.